ಮನೆಯ ಹತ್ತು ಮೀಟರ್ ಏರ್‌ಗನ್ ರೇಂಜ್: ಪಕ್ಕದ ಮನೆಗೆ ಸದ್ದು ದಾಟದಂತೆ ಮಾಡುವ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಗುರಿ ಅಭ್ಯಾಸಕ್ಕೆ ರೇಂಜ್ ಮಾಡಿಕೊಂಡವರು ಸದ್ದಿನ ಬಗ್ಗೆ ದೂರು ಬಂದ ಕೂಡಲೇ ಗೋಡೆಗೆಲ್ಲ ಫೋಮ್ ಅಂಟಿಸುತ್ತಾರೆ. ದುಡ್ಡು ಖರ್ಚಾಗುತ್ತದೆ, ಕೋಣೆ ರೆಕಾರ್ಡಿಂಗ್ ಸ್ಟುಡಿಯೊದಂತೆ ಕಾಣುತ್ತದೆ, ಪಕ್ಕದ ಮನೆಯವರಿಗೆ ಮಾತ್ರ ಮೊದಲಿನಷ್ಟೇ ಕೇಳುತ್ತದೆ. ಏಕೆಂದರೆ ಅವರನ್ನು ಕಾಡುವುದು ಹೆಚ್ಚಿನ ಸಲ ಗನ್ನಿನ ಸದ್ದಲ್ಲ. ಪೆಲೆಟ್ (ಏರ್‌ಗನ್ನಿನ ಪುಟ್ಟ ಗುಂಡು) ಹೋಗಿ ತಗಡಿಗೆ ಬಡಿಯುವ ಸದ್ದು, ಆ ಪೆಟ್ಟು ಗೋಡೆಗೆ ಇಳಿದು ಆಚೆ ಬದಿಯಲ್ಲಿ ಮೊಳಗುವ ಸದ್ದು, ಇವೆರಡೂ ಬಾಗಿಲ ಸಂದಿನಿಂದ ಹೊರಗೆ ಹೋಗುವುದು. ಆದ್ದರಿಂದ ಕೆಲಸವನ್ನು ಗುರಿಯ ತುದಿಯಿಂದ ಶುರು ಮಾಡಬೇಕು. ಫೋಮಿನ ಸರದಿ ಕೊನೆಯಲ್ಲಿ ಬರುತ್ತದೆ, ಬಹಳ ಮನೆಗಳಲ್ಲಿ ಬರುವುದೇ ಇಲ್ಲ.

ಇಲ್ಲಿ ಹೇಳುತ್ತಿರುವುದೆಲ್ಲ 4.5 ಮಿ.ಮೀ. ಏರ್ ರೈಫಲ್ ಮತ್ತು ಏರ್ ಪಿಸ್ತೂಲಿನ ಅಭ್ಯಾಸಕ್ಕೆ. ಸಿಡಿಮದ್ದಿನ .22 ರೈಫಲ್ಲಾಗಲಿ, ತೋಟದ ಕೋವಿಯಾಗಲಿ ಮನೆಯೊಳಗೆ ಹಾರಿಸುವ ವಸ್ತುವಲ್ಲ. ಸಾಧಾರಣ .22 ರೈಫಲ್ಲಿನ ಸದ್ದಿನ ತುದಿಯೇ 140 ಡೆಸಿಬೆಲ್ ಆಸುಪಾಸು. ಅದು ಒಂದೇ ಪೆಟ್ಟಿಗೆ ಕಿವಿಗೆ ಹಾನಿ ಮಾಡಬಲ್ಲ ಮಟ್ಟ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವಾಗ ಬಯಲಿನಲ್ಲೇ ಕಿವಿ ಗುಯ್ಗುಡುತ್ತದೆ. ಮುಚ್ಚಿದ ಕೋಣೆಯಲ್ಲಿ ಏನಾದೀತು ಎಂದು ನೀವೇ ಊಹಿಸಿ. ಅಂಥ ಬಂದೂಕಿಗೆ ಪರವಾನಗಿ ಇರುವ ರೇಂಜೇ ಜಾಗ.

ಮನೆಯ ರೇಂಜ್ ಎಂದರೆ ಹವ್ಯಾಸಿಗಳ ಆಟ ಎಂದುಕೊಳ್ಳಬೇಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಹತ್ತು ಮೀಟರ್ ಏರ್ ರೈಫಲ್ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರಿಗೆ ಮನೆಯಲ್ಲೇ ರೇಂಜ್ ಇತ್ತು. ಆದರೆ ಅವರದು ದೊಡ್ಡ ಜಾಗ. ನಮ್ಮದು 30×40 ಸೈಟು, ಅಂಟಿಕೊಂಡ ಗೋಡೆ, ಮೇಲೆ ಬಾಡಿಗೆದಾರರು.

ಮೊದಲು ಗನ್ನು, ಕಾನೂನು, ಜಾಗ

ಸ್ಪರ್ಧೆಗೆ ಬಳಸುವ ಏರ್ ರೈಫಲ್ ಅರ್ಧ ಗ್ರಾಮಿಗಿಂತ ತುಸು ಹೆಚ್ಚು ತೂಗುವ ಸೀಸದ ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಕಳಿಸುತ್ತದೆ. ಶಕ್ತಿಯ ಲೆಕ್ಕದಲ್ಲಿ ಏಳೆಂಟು ಜೌಲ್. ಪಿಸ್ತೂಲಿನದು ಇನ್ನೂ ಕಡಿಮೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ದಾಟುತ್ತದೆ. ಪೆಲೆಟ್ ಅದರ ಅರ್ಧ ವೇಗದಲ್ಲಷ್ಟೇ ಹೋಗುವುದರಿಂದ ಹಾರುವಾಗ ಚಾಟಿ ಬೀಸಿದಂಥ ಸಿಡಿತ ಇರುವುದಿಲ್ಲ. ನಮ್ಮ ಕೆಲಸ ಇಷ್ಟು ಸುಲಭವಾಗಿರುವುದೇ ಇದರಿಂದ.

4.5 ಮಿ.ಮೀ. ಮತ್ತು 20 ಜೌಲ್, ಈ ಎರಡೂ ಮಿತಿ ಮೀರದ ಏರ್‌ಗನ್ನಿಗೆ 2016ರ ಶಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಆದರೂ ಬಿಲ್ಲು, ಗುರುತಿನ ದಾಖಲೆ ಕೈಗೆ ಸಿಗುವಂತಿರಲಿ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸದ್ದು ಕಡಿಮೆ ಮಾಡಬೇಕು ಎಂದ ತಕ್ಷಣ ಕೆಲವರ ಕಣ್ಣು ಗನ್ನಿನ ತುದಿಗೆ ಸಿಕ್ಕಿಸುವ ಸೈಲೆನ್ಸರಿನ ಮೇಲೆ ಬೀಳುತ್ತದೆ. ಆ ಗೋಜಿಗೇ ಹೋಗಬೇಡಿ. ಬಂದೂಕಿನ ಸದ್ದಡಗಿಸುವ ಪರಿಕರವನ್ನು 1959ರ ಶಸ್ತ್ರ ಕಾಯ್ದೆ ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಿದೆ, ಏರ್‌ಗನ್ನಿಗೆಂದು ತಂದದ್ದು ಎಂದು ವಿವರಿಸುತ್ತಾ ಠಾಣೆಯಲ್ಲಿ ಕೂರುವ ಅಗತ್ಯ ಯಾರಿಗೂ ಇಲ್ಲ. ಅದೂ ಅಲ್ಲದೆ ಗುರಿಯ ತುದಿಯ ಸದ್ದಿಗೆ ಅದರಿಂದ ಒಂದಿಷ್ಟೂ ಪ್ರಯೋಜನವಿಲ್ಲ.

ಜಾಗದ ಲೆಕ್ಕ: ಹತ್ತು ಮೀಟರ್ ಎಂದರೆ 32 ಅಡಿ 10 ಇಂಚು. ನಿಲ್ಲುವವರ ಹಿಂದೆ ನಾಲ್ಕಡಿ, ಟ್ರ್ಯಾಪಿಗೆ (ಗುರಿಯ ಹಿಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆಗೆ) ಒಂದೂವರೆ ಅಡಿ ಸೇರಿಸಿದರೆ 38 ಅಡಿ ದಾಟುತ್ತದೆ. ನಲವತ್ತಡಿ ಸೈಟಿನಲ್ಲಿ ಗೋಡೆ, ಸೆಟ್‌ಬ್ಯಾಕ್ ಕಳೆದರೆ ಅಷ್ಟು ಉದ್ದ ಒಂದೇ ಕೋಣೆಯಲ್ಲಿ ಸಿಗುವುದಿಲ್ಲ. ಹಾಗಾಗಿ ಹಾಲಿನಿಂದ ಮೂಲೆಯ ಕೋಣೆಗೆ ಓರೆಯಾಗಿ, ಬಾಗಿಲ ಮೂಲಕ ಹೊಡೆಯುವ ಏರ್ಪಾಟೇ ಹೆಚ್ಚು. ಸದ್ದಿನ ದೃಷ್ಟಿಯಿಂದ ಇದು ಒಳ್ಳೆಯದೇ. ಗನ್ ಒಂದು ಕೋಣೆಯಲ್ಲಿ, ಗುರಿ ಇನ್ನೊಂದರಲ್ಲಿ ಇದ್ದರೆ ಎರಡನ್ನೂ ಬೇರೆಬೇರೆಯಾಗಿ ನಿಭಾಯಿಸಬಹುದು. ನಡುವಿನ ಬಾಗಿಲಿಗೆ ದಪ್ಪ ಕೌದಿ ಇಳಿಬಿಟ್ಟು, ಗುರಿಯ ನೇರಕ್ಕೆ ಒಂದಡಿ ಅಗಲದ ಕಿಂಡಿ ಬಿಟ್ಟರೆ ಸಾಕು. ಆದರೆ ಈ ದಾರಿಗೆ ಅಡ್ಡ ಬರುವ ಪ್ರತಿ ಬಾಗಿಲಿಗೂ ಒಳಗಿನಿಂದ ಚಿಲಕ ಬಿದ್ದಿರಬೇಕು. ಮಗುವೋ ಬೆಕ್ಕೋ ನಡುವೆ ನುಸುಳುವ ಸಾಧ್ಯತೆ ಕೂದಲೆಳೆಯಷ್ಟಿದ್ದರೂ ಆ ಜಾಗ ಬೇಡ. ತೆರೆದ ತಾರಸಿಯೂ ಬೇಡ. ಅಲ್ಲಿ ಸದ್ದನ್ನು ಹಿಡಿಯಲು ಏನೂ ಇರುವುದಿಲ್ಲ, ತಪ್ಪಿದ ಪೆಲೆಟ್ಟನ್ನು ಹಿಡಿಯಲೂ ಏನೂ ಇರುವುದಿಲ್ಲ.

ಗುರಿಯನ್ನು ಯಾವ ಗೋಡೆಗೆ ಇಡಬೇಕು? ಪಕ್ಕದ ಮನೆಯವರ ಮಲಗುವ ಕೋಣೆಗೆ ತಾಗಿದ ಗೋಡೆಯನ್ನು ಬಿಟ್ಟು ಬೇರೆ ಯಾವುದಾದರೂ ಸರಿ. ಸ್ಟೋರ್ ರೂಮು, ಮೆಟ್ಟಿಲು, ರಸ್ತೆ ಬದಿಯ ಗೋಡೆ ಸಿಕ್ಕರೆ ಅರ್ಧ ಕೆಲಸ ಪುಕ್ಕಟೆ ಮುಗಿದಂತೆ.

ಹಂತ 1: ಯಾವ ಸದ್ದು ಎಂದು ಪತ್ತೆ ಹಚ್ಚಿ

ಒಂದು ಹೊಡೆತದಲ್ಲಿ ಮೂರು ಸದ್ದುಗಳಿವೆ. ಗನ್ನಿನ ಬಾಯಿಂದ ಗಾಳಿ ಹೊರಬೀಳುವ ‘ಫಟ್’. ಪೆಲೆಟ್ ಲೋಹಕ್ಕೆ ಬಡಿಯುವ ‘ಠಣ್’. ಆ ಪೆಟ್ಟು ಗೋಡೆ, ನೆಲದೊಳಗೆ ಇಳಿದು ಆಚೆ ಬದಿ ಕೇಳುವ ‘ಧಬ್’. ಮೂರಕ್ಕೂ ಮದ್ದು ಬೇರೆಬೇರೆ. ಯಾವುದು ಎಷ್ಟು ಎಂದು ತಿಳಿಯದೆ ಸಾಮಾನು ಕೊಳ್ಳುವುದು ಬೇಡ.

ಫೋನಿನ ಡೆಸಿಬೆಲ್ ಆ್ಯಪ್ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ ಮುಗಿದುಹೋಗುವ ಸದ್ದಿನ ತುದಿಯನ್ನು ಅದು ಹಿಡಿಯಲಾರದು. ಆದರೆ ಅದೇ ಫೋನಿನ ರೆಕಾರ್ಡರ್ ಹೋಲಿಸಿ ನೋಡಲು ಚೆನ್ನಾಗಿ ಒದಗುತ್ತದೆ. ಹೊಡೆಯುವ ಗೆರೆ ಮತ್ತು ಗುರಿ ಎರಡಕ್ಕೂ ಸರಿಯಾಗಿ ನಡುವೆ, ಐದು ಮೀಟರಿನಲ್ಲಿ, ಪೆಲೆಟ್ಟಿನ ದಾರಿಯಿಂದ ದೂರವಾಗಿ ಗೋಡೆಯ ಬುಡಕ್ಕೆ ಫೋನಿಟ್ಟು ರೆಕಾರ್ಡ್ ಮಾಡಿ. ಯಾವುದಾದರೂ ಉಚಿತ ಆಡಿಯೊ ಎಡಿಟರಿನಲ್ಲಿ ತೆರೆದು ಹಿಗ್ಗಿಸಿ ನೋಡಿದರೆ ಎರಡು ಮೊನೆಗಳು ಕಾಣುತ್ತವೆ. ಮೊದಲನೆಯದು ಗನ್ನು, ಸುಮಾರು 0.06 ಸೆಕೆಂಡಿನ ನಂತರದ್ದು ಟ್ರ್ಯಾಪು. ಪೆಲೆಟ್ ಹತ್ತು ಮೀಟರ್ ಸಾಗಲು ತೆಗೆದುಕೊಳ್ಳುವ ಕಾಲವೇ ಅದು. ಫೋನಿಗೆ ಎರಡೂ ಸಮದೂರದಲ್ಲಿ ಇರುವುದರಿಂದ ಯಾವ ಮೊನೆ ಎತ್ತರವೋ ಅದೇ ದೊಡ್ಡ ಸದ್ದು. ಎರಡೂ ಮೇಲಕ್ಕೆ ತಾಗಿ ಚಪ್ಪಟೆಯಾಗಿ ಕತ್ತರಿಸಿದಂತೆ ಕಂಡರೆ ಫೋನಿನ ಮೈಕಿಗೆ ಒಂದು ದಪ್ಪ ಟವೆಲ್ ಸುತ್ತಿ ಮತ್ತೆ ಮಾಡಿ. ತಗಡಿನ ಟ್ರ್ಯಾಪ್ ಇಟ್ಟವರಿಗೆ ಎರಡನೆಯ ಮೊನೆ ನೋಡಿ ಆಶ್ಚರ್ಯವಾಗುವುದು ಸಾಮಾನ್ಯ.

ಮೂರನೆಯ ಸದ್ದು ಈ ರೆಕಾರ್ಡಿಂಗಿನಲ್ಲಿ ಸಿಗುವುದಿಲ್ಲ. ಅದಕ್ಕೆ ಒಬ್ಬರು ಆಚೆ ಕೋಣೆಗೆ ಹೋಗಿ ಗುರಿಯ ಹಿಂದಿನ ಗೋಡೆಗೆ ಅಂಗೈ ಊರಿ, ಕಿವಿಯಿಟ್ಟು ನಿಲ್ಲಬೇಕು. ಗೋಡೆ ಇಟ್ಟಿಗೆ ಅಥವಾ ಕಾಂಕ್ರೀಟಿನದು, ಪೂರ್ತಿ ಗಟ್ಟಿ ಇರಬೇಕು, ಬಾಗಿಲು ಕಿಟಕಿ ಇರಬಾರದು ಎಂದು ಬೇರೆ ಹೇಳಬೇಕಿಲ್ಲ. ಅಂಗೈಗೆ ಪೆಟ್ಟು ತಿಳಿದರೆ ಹಂತ 3 ನಿಮಗೆ ಅತಿ ಮುಖ್ಯ.

ಹಂತ 2: ಟ್ರ್ಯಾಪನ್ನು ಮೂಕ ಮಾಡಿ

ಮಾರ್ಗದರ್ಶಿಯ ಜೀವಾಳ ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಂಗಡಿಯಲ್ಲಿ ಸಿಗುವ ಅಗ್ಗದ ಟ್ರ್ಯಾಪ್ ತೆಳು ತಗಡಿನ ಕೊಳವೆಯಾಕಾರದ್ದು. ಪೆಲೆಟ್ಟಿನ ಶಕ್ತಿ ಅದರಲ್ಲಿ ಕಂಪನವಾಗಿ ಮಾರ್ಪಡುತ್ತದೆ, ಇಡೀ ತಗಡು ಗಂಟೆಯಂತೆ ಮೊಳಗುತ್ತದೆ. ಇರುವುದನ್ನೇ ಉಳಿಸಿಕೊಳ್ಳುವುದಾದರೆ ಕಾರಿನ ಬಾಗಿಲೊಳಗೆ ಅಂಟಿಸುವ ಬಿಟುಮೆನ್ ಡ್ಯಾಂಪಿಂಗ್ ಶೀಟನ್ನು ಅದರ ಹೊರಮೈಗೆಲ್ಲ ಹಚ್ಚಿ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯ ಕಾರ್ ಆಕ್ಸೆಸರಿ ಅಂಗಡಿಗಳಲ್ಲಿ ಕೇಳಿ. ‘ಠಣ್’ ಹೋಗಿ ‘ಟಕ್’ ಆಗುತ್ತದೆ. ಆದರೂ ಪೆಲೆಟ್ ಗಟ್ಟಿ ಲೋಹಕ್ಕೇ ಬಡಿಯುತ್ತಿರುತ್ತದೆ, ಪುಡಿಯಾಗಿ ಸೀಸದ ಧೂಳೂ ಏಳುತ್ತದೆ. ಒಂದು ದಿನದ ಬಡಗಿ ಕೆಲಸಕ್ಕೆ ತಯಾರಿದ್ದರೆ ಕೆಳಗಿನ ಬಟ್ಟೆ ಪೆಟ್ಟಿಗೆಯೇ ಎಷ್ಟೋ ಮೇಲು.

*ಬಟ್ಟೆ ಪೆಟ್ಟಿಗೆ.* 18 ಮಿ.ಮೀ. ಪ್ಲೈವುಡ್ಡಿನಲ್ಲಿ, ಮುಂದೆ ತೆರೆದಿರುವ ಒಂದು ಪೆಟ್ಟಿಗೆ. ಒಳಗಿನ ಅಳತೆ ಮುಖಕ್ಕೆ 14 ಇಂಚು ಚೌಕ, ಆಳ 10 ಇಂಚು. ಏರ್ ಪಿಸ್ತೂಲ್ ಸ್ಪರ್ಧೆಯ ಗುರಿ ಕಾಗದ 170 ಮಿ.ಮೀ. ಚೌಕ, ಅಂದರೆ ಏಳಿಂಚಿಗೂ ಕಡಿಮೆ, ರೈಫಲ್ಲಿನದು ಇನ್ನೂ ಚಿಕ್ಕದು. ಸುತ್ತ ಮೂರೂವರೆ ಇಂಚು ಉಳಿಯುತ್ತದೆ. ಹೊಸಬರಾದರೆ 18 ಇಂಚೇ ಮಾಡಿಸಿ.

ಪೆಟ್ಟಿಗೆಯ ಹಿಂಬದಿಗೆ ಮೊದಲು ಒಂದು ದಪ್ಪ ರಬ್ಬರ್ ಹಾಳೆ, ಅದರ ಮುಂದೆ 3 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟು. ಪ್ಲೇಟಿಗೆ ಸ್ಕ್ರೂ ಹೊಡೆದು ಮರಕ್ಕೆ ಬಿಗಿಯಬೇಡಿ, ರಬ್ಬರಿಗೆ ಒರಗಿ ನಿಂತರೆ ಸಾಕು. ಬಿಗಿದರೆ ಪೆಟ್ಟು ನೇರವಾಗಿ ಪೆಟ್ಟಿಗೆಗೆ ದಾಟುತ್ತದೆ. ರಬ್ಬರಿಗೆ ಎಲ್ಲಿಗೆ ಹೋಗುವುದು ಎನ್ನುವವರಿಗೆ: ದನದ ಕೊಟ್ಟಿಗೆಗೆ ಹಾಸುವ ಕೌ ಮ್ಯಾಟ್. ದಪ್ಪ, ಭಾರ, ಅಗ್ಗ. ನಮ್ಮ ಕಡೆಯ ಯಾವ ತಾಲ್ಲೂಕಿನಲ್ಲಿ ಕೇಳಿದರೂ ಸಿಗುತ್ತದೆ. ಅಕೌಸ್ಟಿಕ್ ಎಂದು ಲೇಬಲ್ ಹಚ್ಚಿ ಮಾರುವ ರಬ್ಬರಿಗೆ ಕೊಡುವ ಬೆಲೆಯಲ್ಲಿ ಇದು ಒಂದು ಕೋಣೆಗಾಗುವಷ್ಟು ಬರುತ್ತದೆ. ಒಂದು ಮ್ಯಾಟ್ ತಂದಿಟ್ಟುಕೊಳ್ಳಿ, ಮುಂದೆ ಇನ್ನೂ ಕೆಲವು ಕಡೆ ಬೇಕಾಗುತ್ತದೆ.

ಉಳಿದ ಜಾಗಕ್ಕೆಲ್ಲ ಹಳೆ ಬಟ್ಟೆ. ಜೀನ್ಸ್ ಪ್ಯಾಂಟು, ಗೋಣಿಚೀಲ, ಹತ್ತಿ ಸೀರೆ, ಪಂಚೆ ಎಲ್ಲ ನಡೆಯುತ್ತದೆ. ನೈಲಾನು, ಪಾಲಿಯೆಸ್ಟರ್ ಜಾರುತ್ತವೆ, ಬೇಡ. ಗುಂಡಿ, ಜಿಪ್ಪು ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಪೆಲೆಟ್ ಅದಕ್ಕೇ ಹೋಗಿ ಸಿಡಿಯುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ತುರುಕುವುದಲ್ಲ. ಪೆಟ್ಟಿಗೆಯ ಅಳತೆಗೆ ಮಡಚಿ, ಪುಸ್ತಕ ಜೋಡಿಸಿದ ಹಾಗೆ ಪದರ ಪದರವಾಗಿ ಮುಖಕ್ಕೆ ಸಮಾನಾಂತರ ಇಟ್ಟು, ಕೈಯಿಂದ ಒತ್ತಿದರೆ ಅಲುಗದಷ್ಟು ಬಿಗಿ ಮಾಡಬೇಕು. ಆರೇಳು ಇಂಚಾದರೂ ಇರಲಿ. ಮುಂದೆ ರಟ್ಟಿನ ಹಾಳೆಯೊಂದನ್ನು ಮುಚ್ಚಿ, ಅದರ ಮೇಲೆ ಗುರಿ ಕಾಗದ.

ಹತ್ತು ಹೊಡೆತ ಹೊಡೆದು ಬಿಚ್ಚಿ ನೋಡಿ. ಪೆಲೆಟ್ಟುಗಳು ಎಷ್ಟು ಪದರ ದಾಟಿವೆ ಎಂದು ತಿಳಿದರೆ ನಿಮ್ಮ ಗನ್ನಿಗೆ ಬಟ್ಟೆ ಸಾಕೋ ಸಾಲದೋ ಗೊತ್ತಾಗುತ್ತದೆ. ಸ್ಪ್ರಿಂಗ್ ರೈಫಲ್ (ಸ್ಪ್ರಿಂಗ್ ಪಿಸ್ಟನ್ನನ್ನು ತಳ್ಳಿ ಗಾಳಿ ಒತ್ತುವಂಥದ್ದು) ಇದ್ದು ಅದರ ಶಕ್ತಿ 20 ಜೌಲಿನ ಹತ್ತಿರವಿದ್ದರೆ ಈ ಪರೀಕ್ಷೆ ಮಾಡದೆ ಮುಂದುವರಿಯಬೇಡಿ. ಒಂದೇ ಜಾಗಕ್ಕೆ ಹೊಡೆದೂ ಹೊಡೆದು ನಡುವೆ ಬಿಲ ಬೀಳುತ್ತದೆ. ಚೆನ್ನಾಗಿ ಹೊಡೆಯುವವರ ಪೆಟ್ಟಿಗೆ ಬೇಗ ಹಾಳಾಗುವುದು ಅದಕ್ಕೇ. ಹಿಂದಿನ ಪ್ಲೇಟಿನ ಸದ್ದು ಕೇಳತೊಡಗಿದರೆ ಬಟ್ಟೆಗಳ ಜಾಗ ಅದಲುಬದಲು ಮಾಡುವ ಕಾಲ ಬಂತೆಂದು ಅರ್ಥ.

*ಜೇಡಿ ಹಲಗೆ.* ಇದು ಇನ್ನೂ ಸದ್ದಿಲ್ಲದ್ದು. ಪ್ಲೇಟಿನ ಮೇಲೆ ಒಂದೂವರೆ ಎರಡಿಂಚು ದಪ್ಪಕ್ಕೆ ಒಣಗದ ಡಕ್ಟ್ ಸೀಲನ್ನೋ (ಪೈಪಿನ ಸಂದು ಮುಚ್ಚುವ ಮೆತ್ತನೆ ಅಂಟು) ಎಣ್ಣೆ ಮಿಶ್ರಿತ ಮಾಡೆಲಿಂಗ್ ಕ್ಲೇಯನ್ನೋ ಮೆತ್ತುವುದು. ಪೆಲೆಟ್ ಹೋಗಿ ‘ಪಚ್’ ಎಂದು ಹೂತುಕೊಳ್ಳುತ್ತದೆ, ಧೂಳೇ ಇಲ್ಲ. ಕಿಟಕಿ ಗಾಜಿಗೆ ಹಚ್ಚುವ ಪುಟ್ಟಿ ಬೇಡ, ಅದು ಒಣಗಿ ಕಲ್ಲಾಗುತ್ತದೆ. ತೊಂದರೆ ಎರಡು. ಕಲಬುರಗಿ, ರಾಯಚೂರಿನ ಬೇಸಿಗೆಗೆ ಅದು ಮೆತ್ತಗಾಗಿ ಜಾರುತ್ತದೆ, ಹಲಗೆಯನ್ನು ಹಿಂದಕ್ಕೆ ಚೆನ್ನಾಗಿ ವಾಲಿಸಬೇಕು. ಮತ್ತೆ, ಹೂತ ಪೆಲೆಟ್ಟುಗಳ ಮೇಲೆ ಪೆಲೆಟ್ ಬೀಳತೊಡಗಿದರೆ ಸೀಸಕ್ಕೆ ಸೀಸ ಬಡಿದು ಸದ್ದು ಮರಳಿ ಬರುತ್ತದೆ, ಆಗಾಗ ಕೆದಕಿ ತೆಗೆಯಬೇಕು. ಒಮ್ಮೆ ಬಳಸಿದ ಈ ಕ್ಲೇ ಮಕ್ಕಳ ಕೈಗೆ ಯಾವತ್ತೂ ಸಿಗಕೂಡದು.

ಬರಿ ರಬ್ಬರನ್ನಾಗಲಿ ಗಟ್ಟಿ ಮರವನ್ನಾಗಲಿ ಗುರಿಯ ಹಿಂದೆ ನೇರವಾಗಿ ಇಡಬೇಡಿ. ಪೆಲೆಟ್ ಪುಟಿದು ಹೊಡೆದವರ ಕಡೆಗೇ ವಾಪಸ್ ಬರುತ್ತದೆ. ಟ್ರ್ಯಾಪ್ ಯಾವುದೇ ಇರಲಿ, ರೇಂಜಿನಲ್ಲಿರುವ ಎಲ್ಲರ ಕಣ್ಣಿಗೂ ಕನ್ನಡಕ ಇರಬೇಕು. ಒಣ ಮರಳಿನ ತಟ್ಟೆಯೂ ಬೇಡ, ಸದ್ದು ನಿಲ್ಲುತ್ತದೆ ನಿಜ, ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ.

ಎಲೆಕ್ಟ್ರಾನಿಕ್ ಗುರಿ ಇಟ್ಟುಕೊಂಡವರು ಅದರ ಮುಂಭಾಗವನ್ನು ಮುಟ್ಟಬೇಡಿ, ಹೊಡೆತ ಬಿದ್ದ ಜಾಗವನ್ನು ಸದ್ದಿನಿಂದಲೇ ಲೆಕ್ಕ ಹಾಕುವ ಮಾದರಿಗಳಿವೆ. ಹಿಂದಿನ ಪೆಲೆಟ್ ಡಬ್ಬಿಯ ಹೊರಮೈಗೆ ಬಿಟುಮೆನ್ ಶೀಟ್ ಹಚ್ಚಿದರೆ ಸಾಕು.

ಹಂತ 3: ಟ್ರ್ಯಾಪನ್ನು ಗೋಡೆಯಿಂದ ಬಿಡಿಸಿ

ಗೋಡೆಗೆ ಮೊಳೆ ಹೊಡೆದು ಟ್ರ್ಯಾಪ್ ನೇತುಹಾಕಿದ್ದರೆ ಇವತ್ತೇ ಇಳಿಸಿ. ಗಾಳಿಯಲ್ಲಿ ಬಂದ ಸದ್ದನ್ನು ಒಂಬತ್ತಿಂಚಿನ ಇಟ್ಟಿಗೆ ಗೋಡೆ ಐವತ್ತು ಡೆಸಿಬೆಲ್ ಆಸುಪಾಸು ತಡೆಯುತ್ತದೆ. ಅದೇ ಗೋಡೆಗೆ ಮೊಳೆಯ ಮೂಲಕ ಪೆಟ್ಟು ಕೊಟ್ಟರೆ ಅದು ತಡೆಯಲ್ಲ, ತಾನೇ ತಮಟೆ. ಅಪಾರ್ಟ್‌ಮೆಂಟಿನಲ್ಲಿ ಎರಡು ಮಹಡಿ ಕೆಳಗಿನವರು ಬಂದು ದೂರಿದರೆ ಅವರು ಸುಳ್ಳು ಹೇಳುತ್ತಿಲ್ಲ, ಕಂಬ, ಬೀಮು, ಸ್ಲ್ಯಾಬಿನ ಹಾದಿಯಲ್ಲಿ ಈ ಪೆಟ್ಟು ಅಷ್ಟು ದೂರ ಹೋಗಬಲ್ಲದು.

ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಎರಡಿಂಚಿನ ಚೌಕ ಪೈಪಿನ ಸ್ಟ್ಯಾಂಡ್ ಮಾಡಿಸಿ. ಗುರಿಯ ಕೇಂದ್ರ ನೆಲದಿಂದ 1.4 ಮೀಟರ್ ಎತ್ತರಕ್ಕೆ ಬರುವಂತೆ ಅಳತೆ ಕೊಡಿ. ವೆಲ್ಡಿಂಗ್ ಮುಗಿದ ಮೇಲೆ ಪೈಪಿನೊಳಗೆ ಒಣ ಮರಳು ತುಂಬಿ ಬಾಯಿ ಮುಚ್ಚಿ. ಖಾಲಿ ಪೈಪು ಕೊಳಲಾಗುತ್ತದೆ, ಮರಳು ತುಂಬಿದ್ದು ಸತ್ತಂತೆ ನಿಲ್ಲುತ್ತದೆ. ಕಾಲುಗಳ ಕೆಳಗೆ ಕೌ ಮ್ಯಾಟಿನ ತುಂಡು ಎರಡೆರಡು ಪದರ. ಪೆಟ್ಟಿಗೆ ಮತ್ತು ಸ್ಟ್ಯಾಂಡಿನ ನಡುವೆಯೂ ಒಂದು ಪದರ. ಗೋಡೆಗೂ ಪೆಟ್ಟಿಗೆಗೂ ನಾಲ್ಕಿಂಚು ಅಂತರ.

ತಪ್ಪಿದ ಪೆಲೆಟ್ಟಿಗಾಗಿ ಪೆಟ್ಟಿಗೆಯ ಹಿಂದೆ ಅದಕ್ಕಿಂತ ದೊಡ್ಡದೊಂದು ತಡೆ ಬೇಕೇಬೇಕು. ನಾಲ್ಕಡಿ ಅಗಲ, ಆರಡಿ ಎತ್ತರದ ಪ್ಲೈವುಡ್ ಹಾಳೆ, ಅದರ ಬೆನ್ನಿಗೆ ಕೌ ಮ್ಯಾಟು, ಮುಂದೆ ಒಂದು ಹಳೆ ಜಮಖಾನವನ್ನೋ ಕಂಬಳಿಯನ್ನೋ ಸಡಿಲವಾಗಿ ಇಳಿಬಿಟ್ಟದ್ದು. ತಪ್ಪಿದ ಪೆಲೆಟ್ ಬಟ್ಟೆ ತೂರಿ ಪ್ಲೈಗೆ ಬಡಿದು ಪುಟಿದರೂ ಬಟ್ಟೆಯೊಳಗೇ ಸಿಕ್ಕಿಬೀಳುತ್ತದೆ. ಸದ್ದಿನ ಮಟ್ಟಿಗೂ ಇದು ಒಳ್ಳೆಯ ಪದರವೇ.

ಈ ಎರಡು ಹಂತ ಮುಗಿದ ಮೇಲೆ ಮತ್ತೊಮ್ಮೆ ಐದು ಮೀಟರಿನಲ್ಲಿ ಫೋನಿಟ್ಟು ನೋಡಿ. ಎರಡನೆಯ ಮೊನೆ ಮೊದಲನೆಯದಕ್ಕಿಂತ ಕುಳ್ಳಗಾಗಿರಬೇಕು. ಆಗಿಲ್ಲವೆಂದರೆ ಮುಂದಕ್ಕೆ ಹೋಗಬೇಡಿ, ಪೆಟ್ಟಿಗೆಯಲ್ಲೇ ಎಲ್ಲೋ ಲೋಹ ತಾಗುತ್ತಿದೆ.

ಹಂತ 4: ಸಂದುಗಳನ್ನು ಮುಚ್ಚಿ

ಗೋಡೆಯ ಒಟ್ಟು ಮೈಯಲ್ಲಿ ನೂರರಲ್ಲಿ ಒಂದು ಪಾಲು ತೂತಿದ್ದರೆ, ಉಳಿದ ತೊಂಬತ್ತೊಂಬತ್ತು ಪಾಲು ಎಷ್ಟೇ ಗಟ್ಟಿಯಾಗಿರಲಿ, ಒಟ್ಟಾರೆ ತಡೆ 20 ಡೆಸಿಬೆಲ್ ದಾಟುವುದಿಲ್ಲ. ಬಾಗಿಲಿಗೆ ಈ ಲೆಕ್ಕ ಹಾಕಿ ನೋಡಿ. ಏಳಡಿ ಎತ್ತರ ಮೂರಡಿ ಅಗಲದ ಬಾಗಿಲು 21 ಚದರಡಿ. ಕೆಳಗೆ ಅರ್ಧ ಇಂಚು ಸಂದಿದ್ದರೆ ಅದು ಒಂದು ಚದರಡಿಯ ಎಂಟನೆಯ ಒಂದು ಭಾಗ, ಶೇಕಡಾ 0.6. ಅಂದರೆ ತೇಗದ ಬಾಗಿಲು ಹಾಕಿಸಿದರೂ 22 ಡೆಸಿಬೆಲ್ಲಿಗೆ ಮೇಲೆ ತಡೆ ಸಿಗದು. ನೂರಾರು ರೂಪಾಯಿಯ ರಬ್ಬರ್ ಪಟ್ಟಿ ಇಲ್ಲಿ ಸಾವಿರಾರು ರೂಪಾಯಿಯ ಫೋಮಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಬಾಗಿಲ ಚೌಕಟ್ಟಿನ ಮೂರು ಬದಿಗೆ ಇ.ಪಿ.ಡಿ.ಎಂ. ರಬ್ಬರ್ ಗ್ಯಾಸ್ಕೆಟ್, ಕೆಳಗೆ ಡೋರ್ ಸೀಲ್. ಕೋಣೆಯೊಳಗೆ ದೀಪ ಹಚ್ಚಿ, ಹೊರಗೆ ಕತ್ತಲು ಮಾಡಿ ನೋಡಿ. ಬೆಳಕು ಬರುವ ಕಡೆಯೆಲ್ಲ ಸದ್ದೂ ಬರುತ್ತದೆ. ಪೊಳ್ಳು ಫ್ಲಶ್ ಡೋರಾದರೆ ಒಳಬದಿಗೆ ಇನ್ನೊಂದು 12 ಮಿ.ಮೀ. ಪ್ಲೈ ಹೊಡೆಸಿ, ಮೊದಲು ಕೀಲುಗಳು ಆ ಭಾರ ತಡೆಯುತ್ತವೆಯೇ ಎಂದು ಬಡಗಿಯನ್ನು ಕೇಳಿ.

ಹಳೆ ಮನೆಗಳ ಗಾಜಿನ ಪಟ್ಟಿಯ ವೆಂಟಿಲೇಟರ್ ಇದೆಯಲ್ಲ, ಅದರಷ್ಟು ದೊಡ್ಡ ಸೋರುಬಾಯಿ ಇನ್ನೊಂದಿಲ್ಲ. ಸ್ಲೈಡಿಂಗ್ ಅಲ್ಯೂಮಿನಿಯಂ ಕಿಟಕಿಗೆ ಎರಡನೆಯ ಸ್ಥಾನ. ಅಳತೆಗೆ ಕತ್ತರಿಸಿದ ಪ್ಲೈ ಹಲಗೆಗೆ ಸುತ್ತ ಫೋಮ್ ಟೇಪ್ ಹಚ್ಚಿ, ಅಭ್ಯಾಸದ ಹೊತ್ತಿಗೆ ಮಾತ್ರ ಕಿಟಕಿಗೆ ಒತ್ತಿ ನಿಲ್ಲಿಸುವ ಉಪಾಯ ಬಾಡಿಗೆ ಮನೆಯವರಿಗೂ ಆಗುತ್ತದೆ. ಮಂಗಳೂರು ಹೆಂಚಿನ ಮಾಡು, ತಾರಸಿಯ ಮೇಲಿನ ಶೀಟಿನ ಕೋಣೆ ಇವುಗಳಲ್ಲಿ ಗೋಡೆಗೂ ಮಾಡಿಗೂ ನಡುವಿನ ಸಂದು ಉದ್ದಕ್ಕೂ ಇರುತ್ತದೆ. ಅದನ್ನು ಪೂರ್ತಿ ಮುಚ್ಚುವುದು ಕಷ್ಟ, ಕೆಳಗೆ ಒಂದು ಫಾಲ್ಸ್ ಸೀಲಿಂಗ್ ಕೊಡುವುದೇ ದಾರಿ.

ಹಾಗಂತ ಕೋಣೆಯನ್ನು ಡಬ್ಬಿಯಂತೆ ಮುಚ್ಚಿಬಿಟ್ಟರೆ ಉಸಿರುಗಟ್ಟುತ್ತದೆ. ಗಾಳಿಗೆ ಒಂದು ದಾರಿ ಬೇಕು, ಆ ದಾರಿ ನೇರ ಇರಬಾರದು. ಪ್ಲೈವುಡ್ಡಿನ ಉದ್ದನೆ ಗೂಡೊಂದನ್ನು ಎರಡು ಕಡೆ ಮುರಿದು ತಿರುಗಿಸಿ, ಒಳಗೆಲ್ಲ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಹಾಸಿ, ಅದರ ಕೊನೆಗೆ ಎಕ್ಸಾಸ್ಟ್ ಫ್ಯಾನ್ ಇಟ್ಟರೆ ಗಾಳಿ ತಿರುಗಿಕೊಂಡು ಹೋಗುತ್ತದೆ, ಸದ್ದು ತಿರುವುಗಳಲ್ಲಿ ಸೊರಗುತ್ತದೆ. ಫ್ಯಾನು ಗುರಿಯ ತುದಿಯಲ್ಲಿರಲಿ. ಆಗ ಸೀಸದ ಧೂಳು ನಿಮ್ಮ ಮೂಗಿನಿಂದ ದೂರಕ್ಕೆ ಹೋಗುತ್ತದೆ.

ಹಂತ 5: ಕೋಣೆಯ ಮಾರ್ದನಿ

ಈಗ ಬೇಕಾದರೆ ಗೋಡೆಯ ಕಡೆ ನೋಡಿ. ಸದ್ದನ್ನು ಹೀರುವುದು ಬೇರೆ, ತಡೆಯುವುದು ಬೇರೆ. ತಡೆಯುವುದಕ್ಕೆ ತೂಕ ಬೇಕು. ಗೋಡೆಯ ತೂಕ ದುಪ್ಪಟ್ಟಾದರೆ ಲೆಕ್ಕದ ಪ್ರಕಾರ 6 ಡೆಸಿಬೆಲ್ ಲಾಭ, ವಾಸ್ತವದಲ್ಲಿ ಇನ್ನೂ ಕಡಿಮೆ. ಹೀರುವುದಕ್ಕೆ ಗಾಳಿಯಾಡುವ ದಪ್ಪ ಬೇಕು. ಮೊಟ್ಟೆ ಟ್ರೇಗೆ ತೂಕವೂ ಇಲ್ಲ, ದಪ್ಪವೂ ಇಲ್ಲ. ಅದನ್ನು ಗೋಡೆ ತುಂಬ ಅಂಟಿಸಿದವರನ್ನು ಕಂಡರೆ ಪಾಪ ಎನಿಸುತ್ತದೆ.

ವಿಟ್ರಿಫೈಡ್ ಟೈಲ್ಸು, ನುಣುಪು ಗೋಡೆಯ ಉದ್ದ ಕೋಣೆಯಲ್ಲಿ ಒಂದು ಚಪ್ಪಾಳೆ ತಟ್ಟಿ. ‘ಟರ್ರ್’ ಎಂದು ಎದುರುಬದುರು ಗೋಡೆಗಳ ನಡುವೆ ಓಡಾಡಿದರೆ ಮಾರ್ದನಿ ಇದೆ. ಕೋಣೆಯಲ್ಲಿ ಹೀರುವ ವಸ್ತು ನಾಲ್ಕು ಪಟ್ಟಾದರೆ ಒಳಗಿನ ಮಾರ್ದನಿಯ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಖಾಲಿ ಕೋಣೆಯಲ್ಲಿ ನಾಲ್ಕು ಪಟ್ಟು ಮಾಡುವುದು ಸುಲಭ, ಈಗಾಗಲೇ ಸೋಫಾ, ಹಾಸಿಗೆ ತುಂಬಿದ ಕೋಣೆಯಲ್ಲಿ ಅಸಾಧ್ಯವೇ ಸರಿ.

ಅತಿ ಅಗ್ಗದ ದಾರಿ ಉತ್ತರ ಕರ್ನಾಟಕದ ಕೌದಿ. ಹಲವು ಪದರ ಹತ್ತಿ ಬಟ್ಟೆಯನ್ನು ಒತ್ತಾಗಿ ಹೊಲಿದದ್ದು. ಗೋಡೆಗೆ ತಾಗಿಸದೆ ನಾಲ್ಕಿಂಚು ಮುಂದೆ, ನೆರಿಗೆ ಬರುವಂತೆ ತೂಗುಹಾಕಿ. ಏರ್‌ಗನ್ನಿನ ಸದ್ದಿನಲ್ಲಿ ತೀಕ್ಷ್ಣ ಸ್ವರಗಳೇ ಹೆಚ್ಚು, ಅವಕ್ಕೆ ಇಷ್ಟು ಸಾಕು. ಇನ್ನೂ ಬೇಕೆನ್ನುವವರು ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆಯ 50 ಮಿ.ಮೀ. ರಾಕ್‌ವೂಲ್ ತಂದು, ಮರದ ಚೌಕಟ್ಟಿಗೆ ಕೂರಿಸಿ, ಬಟ್ಟೆ ಹೊದಿಸಿ. ಕತ್ತರಿಸುವಾಗ ಕೈಗವಸು, ಮಾಸ್ಕ್ ಇರಲಿ, ಚರ್ಮ ತುರಿಸುತ್ತದೆ. ರಾಕ್‌ವೂಲ್ ಉರಿಯುವುದಿಲ್ಲ. ಅಗ್ಗದ ಪಾಲಿಯುರೆಥೇನ್ ಫೋಮು ಹೊತ್ತಿಕೊಂಡರೆ ವಿಷಹೊಗೆ ಬಿಡುತ್ತದೆ, ಗುರಿಯ ಹತ್ತಿರವಾದರೆ ಸೀಸದ ಧೂಳನ್ನೂ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಮನೆಯ ಕೋಣೆಗೆ ಅದನ್ನು ನಾನು ಹೇಳುವುದಿಲ್ಲ.

ಎಲ್ಲ ಗೋಡೆಗೂ ಬೇಕಿಲ್ಲ. ಗನ್ನಿನ ಬಾಯಿ ಬರುವ ಜಾಗದ ಎರಡೂ ಪಕ್ಕ, ಅದರ ಮೇಲಿನ ಸೀಲಿಂಗ್, ಕೆಳಗೆ ದಪ್ಪ ಜಮಖಾನ. ಸದ್ದು ಹುಟ್ಟುವ ಜಾಗದಲ್ಲೇ ಹಿಡಿದರೆ ಉಳಿದ ಕೋಣೆಗೆ ಹರಡುವುದು ಕಡಿಮೆ.

ಹಂತ 6: ಗನ್ನು, ಪೆಲೆಟ್ಟು, ಪಂಪು

ಸ್ಪ್ರಿಂಗ್ ರೈಫಲ್ಲಿಗೆ ಎಣ್ಣೆ ಜಾಸ್ತಿ ಹಾಕುವ ಚಟ ಕೆಲವರಿಗಿದೆ. ಕಂಪ್ರೆಷನ್ ಚೇಂಬರಿಗೆ ಸಾಮಾನ್ಯ ಎಣ್ಣೆ ಹೋದರೆ ಪಿಸ್ಟನ್ ಒತ್ತಿದಾಗ ಡೀಸೆಲ್ ಎಂಜಿನ್ನಿನೊಳಗಿನಂತೆ ಅದು ಹೊತ್ತಿಕೊಂಡು ಪಟಾಕಿ ಸಿಡಿದಷ್ಟು ಸದ್ದಾಗುತ್ತದೆ, ಸೀಲೂ ಹಾಳಾಗುತ್ತದೆ. ಹೊಗೆ, ಸುಟ್ಟ ವಾಸನೆ ಬಂದರೆ ಇದೇ ಕಾರಣ. ತೀರಾ ಹಗುರವಾದ ಅಲಾಯ್ ಪೆಲೆಟ್ ಕೂಡ ಬೇಡ. 20 ಜೌಲಿನ ಸಮೀಪದ ರೈಫಲ್ಲಿನಲ್ಲಿ ಅದು ಶಬ್ದದ ವೇಗದ ಹತ್ತಿರ ಹೋಗಿ ಇಲ್ಲದ ಸಿಡಿತ ತರುತ್ತದೆ. ಸೀಸದ್ದೇ ಹಾಕಿ.

ಸ್ಪ್ರಿಂಗ್ ರೈಫಲ್ ಎಷ್ಟು ಮಾಡಿದರೂ ಪಿಸ್ಟನ್ನಿನ ಬಡಿತ ಬಿಡುವುದಿಲ್ಲ, ಅದನ್ನು ಪೆಲೆಟ್ ಇಲ್ಲದೆ ಹಾರಿಸುವಂತೆಯೂ ಇಲ್ಲ. ಸ್ಪರ್ಧೆಯ ಪಿ.ಸಿ.ಪಿ. (ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹಾರಿಸುವ) ರೈಫಲ್, ಪಿಸ್ತೂಲುಗಳಲ್ಲಿ ಡ್ರೈ ಫೈರ್ ಸೌಲಭ್ಯ ಇರುತ್ತದೆ. ಗಾಳಿಯೂ ಇಲ್ಲ, ಪೆಲೆಟ್ಟೂ ಇಲ್ಲ, ಟ್ರಿಗರಿನ ಒಂದು ‘ಕ್ಲಿಕ್’ ಅಷ್ಟೇ. ನಿಲುವು, ಉಸಿರು, ಟ್ರಿಗರ್ ಇವೆಲ್ಲ ಕಲಿಯಲು ಅಷ್ಟು ಸಾಕು. ರಾತ್ರಿಯ ಅಭ್ಯಾಸವನ್ನು ಪೂರ್ತಿ ಡ್ರೈ ಫೈರಿಗೆ ಮೀಸಲಿಡಿ. ಗುರಿ ಎಲ್ಲಿ ಅಲುಗಿತು ಎಂದು ತೋರಿಸುವ ಸ್ಕ್ಯಾಟ್ ಥರದ ಸಾಧನ ಇದ್ದರೆ ಇನ್ನೂ ಒಳ್ಳೆಯದು, ಬೆಲೆ ಮಾತ್ರ ಜೇಬು ಸುಡುತ್ತದೆ.

ಸಿಲಿಂಡರಿಗೆ 200 ಬಾರ್ ಗಾಳಿ ತುಂಬುವ ವಿದ್ಯುತ್ ಕಂಪ್ರೆಸರ್ ಗನ್ನಿಗಿಂತ ದೊಡ್ಡ ಗಲಾಟೆ ಮಾಡುತ್ತದೆ. ಹಗಲು ಹೊತ್ತಿನಲ್ಲಿ, ಕೌ ಮ್ಯಾಟಿನ ಉಳಿದ ತುಂಡಿನ ಮೇಲಿಟ್ಟು ಓಡಿಸಿ. ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ ಬಿಸಿಯಾಗಿ ಕೆಡುತ್ತದೆ. ಕೈಪಂಪಿಗೆ ಸದ್ದಿಲ್ಲ, ಬೆವರಿದೆ.

ಹೊತ್ತು ಮತ್ತು ನೆರೆಹೊರೆ

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ಆದರೆ ಇದು ಸರಾಸರಿಯ ಲೆಕ್ಕ. ಸ್ಪರ್ಧೆಯ ಮಾದರಿಯಲ್ಲಿ 75 ನಿಮಿಷಕ್ಕೆ 60 ಹೊಡೆತ ಹೊಡೆದರೆ ಸರಾಸರಿಯಲ್ಲಿ ಅದು ಏನೂ ಅಲ್ಲ. ಪಕ್ಕದ ಮನೆಯ ಅಜ್ಜಿಗೆ ಮಾತ್ರ ಮುಂದಿನದು ಯಾವಾಗ ಬಂದೀತು ಎಂದು ಕಾಯುತ್ತ ಕೂರುವುದೇ ಹಿಂಸೆ. ಮೀಟರಿನ ಅಂಕಿ ತೋರಿಸಿ ವಾದಕ್ಕೆ ಇಳಿಯುವುದು ಬೇಡ.

ರೇಂಜ್ ಶುರು ಮಾಡುವ ಮೊದಲೇ ಅಕ್ಕಪಕ್ಕದವರನ್ನು ಕರೆದು ತೋರಿಸಿ. ಗನ್ ಎಂಬ ಮಾತು ಕೇಳಿದರೇ ಬೆಚ್ಚುವವರಿದ್ದಾರೆ, ಕಾಗದದ ಗುರಿ ನೋಡಿದರೆ ಎದೆ ತಣ್ಣಗಾಗುತ್ತದೆ. ಯಾವ ಹೊತ್ತಿನಲ್ಲಿ ತೊಂದರೆ ಎಂದು ಅವರನ್ನೇ ಕೇಳಿ. ಮಧ್ಯಾಹ್ನದ ನಿದ್ದೆ, ಮಕ್ಕಳ ಪರೀಕ್ಷೆ, ಸಂಜೆಯ ಪೂಜೆ ಬಿಟ್ಟು ಸಿಗುವ ಹೊತ್ತು ಧಾರಾಳವಾಗಿದೆ. ಅಪಾರ್ಟ್‌ಮೆಂಟಾದರೆ ಸಂಘಕ್ಕೆ ಬರಹದಲ್ಲಿ ತಿಳಿಸಿ. ಗನ್ನನ್ನು ಕೇಸಿನೊಳಗೆ ಇಟ್ಟಲ್ಲದೆ ಲಿಫ್ಟಿನಲ್ಲಿ ಒಯ್ಯಬೇಡಿ.

ಸೀಸದ ಧೂಳು

ಸದ್ದು ಹೊರಗೆ ಹೋಗದಂತೆ ಮುಚ್ಚಿದ ಕೋಣೆಯಲ್ಲಿ ಧೂಳೂ ಒಳಗೇ ಉಳಿಯುತ್ತದೆ. ಗುರಿಯ ಸುತ್ತ ಕಸಬರಿಕೆ ಆಡಿಸಬೇಡಿ, ಮನೆಯ ವ್ಯಾಕ್ಯೂಮ್ ಕ್ಲೀನರೂ ಬೇಡ, ಎರಡೂ ಧೂಳನ್ನು ಮೇಲಕ್ಕೆಬ್ಬಿಸುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಬೇರೆ ಕೆಲಸಕ್ಕೆ ಬಳಸಬೇಡಿ. ಟ್ರ್ಯಾಪಿನ ಹಳೆ ಬಟ್ಟೆ ಒಗೆಯುವ ಮೆಷಿನ್ನಿಗೆ ಹೋಗಕೂಡದು, ಸುಡಲೂ ಕೂಡದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮನೆಯ ಅಪಾಯಕಾರಿ ತ್ಯಾಜ್ಯವೆಂದು ಹೇಳಿ ಕಸ ಒಯ್ಯುವವರಿಗೆ ಬೇರೆಯಾಗಿಯೇ ಕೊಡಿ. ಪೆಲೆಟ್ಟುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು ಗುಜರಿಗೆ ಹಾಕುವಾಗ ಸೀಸ ಎಂದು ಹೇಳಿಯೇ ಕೊಡಿ. ಹೊಡೆಯುವ ಕೋಣೆಯಲ್ಲಿ ಕಾಫಿ ತಿಂಡಿ ಬೇಡ, ಮುಗಿದ ಮೇಲೆ ತಣ್ಣೀರು, ಸೋಪಿನಲ್ಲಿ ಕೈ ತೊಳೆದು ಅಡುಗೆಮನೆಗೆ ಹೋಗಿ.